ಎರಡು ಚಪ್ಪಟೆ ಚಿತ್ರ, ಒಂದು ಉಬ್ಬು ನಕ್ಷೆ

ಮಕ್ಕಳೇ, ಮುಚ್ಚಳವಿರುವ ಒಂದು ಪೆನ್ನನ್ನು ತೆಗೆದುಕೊಳ್ಳಿ. ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಮುಚ್ಚಳ ಇರಲಿ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಅಗಲಿಸಿ ಹಿಡಿಯಿರಿ. ಈಗ ಒಂದು ಕಣ್ಣನ್ನು ಮುಚ್ಚಿಕೊಂಡು, ಅಕ್ಕಪಕ್ಕದಿಂದ ಕೈಗಳನ್ನು ತಂದು, ಒಂದೇ ಪ್ರಯತ್ನದಲ್ಲಿ ಪೆನ್ನಿಗೆ ಮುಚ್ಚಳ ಹಾಕಿ ನೋಡೋಣ. ನಿಮ್ಮಲ್ಲಿ ಬಹಳಷ್ಟು ಜನರಿಗೆ ಪೆನ್ನಿನ ಮುಂದೆಯೋ ಹಿಂದೆಯೋ ಮುಚ್ಚಳ ಜಾರಿಹೋಗಿರುತ್ತದೆ. ಎರಡೂ ಕಣ್ಣು ತೆರೆದು ಮಾಡಿದರೆ ಇದು ತೀರ ಸುಲಭ. ಒಂದು ಕಣ್ಣಿಗೆ ಪೆನ್ನೂ ಕಾಣುತ್ತಿತ್ತು, ಮುಚ್ಚಳವೂ ಕಾಣುತ್ತಿತ್ತು. ಹಾಗಾದರೆ ಕಾಣದೆ ಹೋದದ್ದು ಯಾವುದು? ಯಾವುದು ಹತ್ತಿರ, ಯಾವುದು ದೂರ ಎಂಬುದು. ಅದನ್ನೇ ನಾವು ಆಳ ಎನ್ನುತ್ತೇವೆ.

ಇನ್ನೊಂದು ಸಣ್ಣ ಪ್ರಯೋಗ. ನಿಮ್ಮ ಹೆಬ್ಬೆರಳನ್ನು ಮೂಗಿನ ನೇರಕ್ಕೆ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಎದುರಿಗೆ ಕಪ್ಪುಹಲಗೆ ಇರಲಿ. ಬಲಗಣ್ಣನ್ನು ಮುಚ್ಚಿ ಎಡಗಣ್ಣಿನಿಂದ ಮಾತ್ರ ನೋಡಿ. ಆಮೇಲೆ ಎಡಗಣ್ಣನ್ನು ಮುಚ್ಚಿ ಬಲಗಣ್ಣಿನಿಂದ ನೋಡಿ. ಬೆರಳು ಅತ್ತಿಂದಿತ್ತ ಹಾರಿದಂತೆ ಕಾಣುತ್ತದಲ್ಲವೇ? ಎಡಗಣ್ಣಿನಿಂದ ನೋಡಿದಾಗ ಬೆರಳು ಹಲಗೆಯ ಬಲಕ್ಕೆ ಸರಿದಂತೆ ಕಾಣುತ್ತದೆ, ಬಲಗಣ್ಣಿನಿಂದ ನೋಡಿದಾಗ ಎಡಕ್ಕೆ. ಬೆರಳನ್ನು ದೂರ ಒಯ್ದಷ್ಟೂ ಈ ಜಿಗಿತ ಕಡಿಮೆಯಾಗುತ್ತದೆ. ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಹತ್ತಿರದ ವಸ್ತು ಎಡಗಣ್ಣಿನ ಚಿತ್ರದಲ್ಲಿ ಬಲಕ್ಕೆ, ಬಲಗಣ್ಣಿನ ಚಿತ್ರದಲ್ಲಿ ಎಡಕ್ಕೆ. ಮುಂದೆ ನಾವು ಮಾಡುವ ಕೆಲಸವೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ.

ದೊಡ್ಡವರ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ನಿಮ್ಮದು ಅದಕ್ಕಿಂತ ಕಡಿಮೆ. ಅಂತರ ಚಿಕ್ಕದೇ ಆದರೂ ಅದರಿಂದ ಎರಡು ಕಣ್ಣುಗಳಲ್ಲಿ ಮೂಡುವ ಬಿಂಬಗಳು ಕೊಂಚ ಬೇರೆಬೇರೆಯಾಗಿರುತ್ತವೆ. ಮಿದುಳು ಈ ಎರಡನ್ನೂ ಹೋಲಿಸಿ, ಎಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅಳೆದು, ಆಳವನ್ನು ಕಟ್ಟಿಕೊಡುತ್ತದೆ. ಈ ಲೆಕ್ಕವನ್ನು ನಾವು ಯಾರೂ ಕುಳಿತು ಮಾಡುವುದಿಲ್ಲ. ಕಣ್ಣು ಬಿಟ್ಟೊಡನೆ ಅದು ನಡೆದುಹೋಗಿರುತ್ತದೆ.

ಕಾಗದದ ತೊಂದರೆ

ಗಣಿತದ ಪುಸ್ತಕದಲ್ಲಿ ನೀವು ನಕ್ಷೆಗಳನ್ನು ಬರೆದಿದ್ದೀರಿ. ಅಡ್ಡಲಾಗಿ ಎಕ್ಸ್ ಅಕ್ಷ, ನೆಟ್ಟಗೆ ವೈ ಅಕ್ಷ. ಎರಡು ಅಳತೆಗಳಿದ್ದರೆ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟರಾಯಿತು. ಆದರೆ ಮೂರು ಅಳತೆಗಳಿದ್ದರೆ? ಒಂದು ಅವರೆ ಸಸಿಗೆ ದಿನಕ್ಕೆ ಎಷ್ಟು ನೀರು ಹಾಕಿದೆವು, ಅದಕ್ಕೆ ಎಷ್ಟು ಗಂಟೆ ಬಿಸಿಲು ಬಿತ್ತು, ಅದು ಎಷ್ಟು ಎತ್ತರ ಬೆಳೆಯಿತು. ಮೂರನ್ನೂ ಒಟ್ಟಿಗೆ ತೋರಿಸಬೇಕೆಂದರೆ ಮೂರನೆಯ ಅಕ್ಷ ಬೇಕು. ಅದು ಕಾಗದದಿಂದ ಮೇಲೆದ್ದು ನಿಮ್ಮ ಮುಖದ ಕಡೆಗೆ ಬರಬೇಕು. ಕಾಗದವೋ ಚಪ್ಪಟೆ!

ಸಾಮಾನ್ಯವಾಗಿ ಪುಸ್ತಕಗಳಲ್ಲಿ ಈ ಮೂರನೆಯ ಅಕ್ಷವನ್ನು ಓರೆಯಾಗಿ ಎಳೆದು ಕೆಲಸ ಸಾಗಿಸುತ್ತಾರೆ. ಇದರಲ್ಲಿ ಒಂದು ಮೋಸವಿದೆ. ತರಗತಿಯ ಒಂದು ಫೋಟೋದಲ್ಲಿ ಸೊಳ್ಳೆಯೊಂದು ಹಾರುತ್ತಿರುವುದು ಸಿಕ್ಕಿಬಿದ್ದಿದೆ ಎಂದುಕೊಳ್ಳಿ. ಅದು ಕಪ್ಪುಹಲಗೆಯ ಹತ್ತಿರವಿತ್ತೇ, ಕ್ಯಾಮೆರಾದ ಮೂಗಿನ ಮುಂದೆಯೇ ಇತ್ತೇ? ಫೋಟೋ ನೋಡಿ ಹೇಳಲಾಗದು. ಮೂರು ಆಯಾಮದ ನಕ್ಷೆಯಲ್ಲಿರುವ ಚುಕ್ಕೆಯ ಸ್ಥಿತಿಯೂ ಹಾಗೆಯೇ. ಒಂದೇ ಚಿತ್ರದಲ್ಲಿ ಅದು ಒಂದು ಇಡೀ ಗೆರೆಯ ಮೇಲೆ ಎಲ್ಲಿ ಬೇಕಾದರೂ ಇರಬಹುದು.

ಬೇಕಾದರೆ ಒಂದು ಘನವನ್ನು ಬರೆದು ನೋಡಿ. ಒಂದು ಚೌಕ, ಅದರ ಮೇಲೆ ಸ್ವಲ್ಪ ಓರೆಗೆ ಸರಿಸಿ ಇನ್ನೊಂದು ಚೌಕ, ಮೂಲೆಗಳನ್ನು ಸೇರಿಸುವ ನಾಲ್ಕು ಗೆರೆ. ಅದನ್ನೇ ದಿಟ್ಟಿಸಿ ನೋಡುತ್ತಾ ಇರಿ. ಮುಂದಿದ್ದ ಮುಖ ಇದ್ದಕ್ಕಿದ್ದಂತೆ ಹಿಂದಕ್ಕೆ ಹೋಗುತ್ತದೆ, ಹಿಂದಿನದು ಮುಂದಕ್ಕೆ ಬರುತ್ತದೆ. ಸ್ವಿಟ್ಜರ್‌ಲೆಂಡಿನ ಲೂಯಿ ನೆಕರ್ ಎಂಬ ವಿಜ್ಞಾನಿ 1832ರಲ್ಲಿ ಹರಳುಗಳ ಚಿತ್ರಗಳಲ್ಲಿ ಇದನ್ನು ಗಮನಿಸಿ ಬರೆದರು. ಹರಳಿನ ಆಕಾರವನ್ನು ತಿಳಿಯಲು ಕುಳಿತವರಿಗೆ ಚಿತ್ರವೇ ಹೀಗೆ ಮಗುಚಿಕೊಂಡರೆ ಹೇಗಿರುತ್ತದೆ ಯೋಚಿಸಿ!

ಇದಕ್ಕೆ ಪರಿಹಾರ ಕಂಡುಕೊಂಡವರು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ ಅವರು ಒಂದೇ ವಸ್ತುವಿನ ಎರಡು ಚಿತ್ರಗಳನ್ನು ಬರೆದರು. ಒಂದು ಎಡಗಣ್ಣಿಗೆ ಕಾಣುವಂತೆ, ಇನ್ನೊಂದು ಬಲಗಣ್ಣಿಗೆ ಕಾಣುವಂತೆ. ಎರಡು ಕನ್ನಡಿಗಳನ್ನು ಓರೆಯಾಗಿಟ್ಟು, ಪ್ರತಿ ಕಣ್ಣಿಗೂ ಅದರ ಚಿತ್ರ ಮಾತ್ರ ಕಾಣುವ ಹಾಗೆ ಮಾಡಿದರು. ಚಪ್ಪಟೆ ಗೆರೆಗಳು ಎದ್ದು ನಿಂತವು. ಈ ಉಪಕರಣವೇ ಸ್ಟೀರಿಯೋಸ್ಕೋಪ್. ಗಮನಿಸಿ, ಫೋಟೋ ತೆಗೆಯುವ ವಿಧಾನ ಜಗತ್ತಿಗೆ ತಿಳಿದದ್ದು 1839ರಲ್ಲಿ. ಆದ್ದರಿಂದ ವೀಟ್‌ಸ್ಟನ್ ಬಳಸಿದ ಮೊದಲ ಜೋಡಿಚಿತ್ರಗಳು ಫೋಟೋಗಳಲ್ಲ, ಅಳತೆಯಿಂದ ಎಳೆದ ರೇಖಾಗಣಿತದ ಆಕೃತಿಗಳು. ಇಂದು ಗಣಕಯಂತ್ರ ಮಾಡುವುದೂ ಇದನ್ನೇ.

ಮುಂದೆ 1849ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಕನ್ನಡಿಗಳ ಬದಲು ಮಸೂರಗಳನ್ನು ಹಾಕಿ ಕೈಯಲ್ಲಿ ಹಿಡಿಯುವ ಸ್ಟೀರಿಯೋಸ್ಕೋಪ್ ತಯಾರಿಸಿದರು. ನೀವು ಮೂರು ಕನ್ನಡಿ ಪಟ್ಟಿ, ಬಳೆಚೂರು ಸೇರಿಸಿ ಮಾಡುವ ಕೆಲಿಡಿಯೋಸ್ಕೋಪನ್ನು ಕಂಡುಹಿಡಿದವರೂ ಇವರೇ. ನಿಮ್ಮ ತಂದೆ ತಾಯಿಯರನ್ನು ಕೇಳಿ, ವ್ಯೂ ಮಾಸ್ಟರ್ ಎಂಬ ಆಟಿಕೆ ಅವರಿಗೆ ನೆನಪಿರಬಹುದು. ಬಿಲ್ಲೆಯಂಥ ರೀಲಿನಲ್ಲಿ 14 ಪುಟ್ಟ ಚಿತ್ರಗಳು, ಆದರೆ ಕಾಣುವ ದೃಶ್ಯಗಳು 7 ಮಾತ್ರ. ಏಕೆಂದು ಈಗ ನೀವೇ ಹೇಳಬಲ್ಲಿರಿ.

ಪೆನ್ಸಿಲಿನಿಂದಲೇ ಒಂದು ಜೋಡಿಚಿತ್ರ

ಗಣಕಯಂತ್ರಕ್ಕೆ ಹೋಗುವ ಮೊದಲು ಕೈಯಿಂದಲೇ ಒಂದನ್ನು ಮಾಡೋಣ. ನಮ್ಮ ಎಷ್ಟೋ ಶಾಲೆಗಳಲ್ಲಿ ಗಣಕಯಂತ್ರ ಇಲ್ಲ, ಇದ್ದರೂ ವಿದ್ಯುತ್ ಇರಬೇಕಲ್ಲ! ಬೇಕಾಗುವುದು ಒಂದು ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್, ಅಳತೆಪಟ್ಟಿ, ಮತ್ತು ಒಂದು ಗೇಣು ಎತ್ತರದ ರಟ್ಟು. ಹಳೆಯ ನೋಟ್‌ಬುಕ್ಕಿನ ರಕ್ಷಾಪುಟವಾದರೂ ಆದೀತು.

ಹಾಳೆಯ ಮೇಲೆ 4 ಸೆಂ.ಮೀ. ಬಾಹುವಿನ ಎರಡು ಚೌಕಗಳನ್ನು ಅಕ್ಕಪಕ್ಕ ಬರೆಯಿರಿ. ನಡುವೆ 1 ಸೆಂ.ಮೀ. ಜಾಗ ಬಿಡಿ. ಹೀಗೆ ಮಾಡಿದರೆ ಒಂದು ಚೌಕದ ಕೇಂದ್ರದಿಂದ ಇನ್ನೊಂದರ ಕೇಂದ್ರಕ್ಕೆ ಸರಿಯಾಗಿ 5 ಸೆಂ.ಮೀ. ಆಗುತ್ತದೆ. ಇದಕ್ಕಿಂತ ದೂರ ಬರೆಯಬೇಡಿ. ನಿಮ್ಮ ಕಣ್ಣುಗಳ ನಡುವಿನ ಅಂತರಕ್ಕಿಂತ ಇದು ಹೆಚ್ಚಾದರೆ ಕಣ್ಣು ಹೊರಕ್ಕೆ ತಿರುಗಬೇಕಾಗುತ್ತದೆ, ಅದು ಆಗದ ಕೆಲಸ.

ಈಗ ಎಡ ಚೌಕದ ಕೇಂದ್ರದಿಂದ ಬಲಕ್ಕೆ 3 ಮಿ.ಮೀ. ದೂರದಲ್ಲಿ ಒಂದು ಚುಕ್ಕೆ ಇಡಿ. ಬಲ ಚೌಕದ ಕೇಂದ್ರದಿಂದ ಎಡಕ್ಕೆ 3 ಮಿ.ಮೀ. ದೂರದಲ್ಲಿ ಒಂದು ಚುಕ್ಕೆ ಇಡಿ. ಪ್ರತಿ ಚೌಕದ ನಾಲ್ಕು ಮೂಲೆಗಳನ್ನೂ ಅದರ ಚುಕ್ಕೆಗೆ ಗೆರೆಯಿಂದ ಸೇರಿಸಿ. ಮುಗಿಯಿತು. ನೋಡಲು ಇವು ಎರಡು ಲಕೋಟೆಗಳ ಹಿಂಬದಿಯಂತೆ ಇವೆ, ಅಷ್ಟೆ.

ರಟ್ಟನ್ನು ಎರಡು ಚೌಕಗಳ ನಡುವೆ ಗೋಡೆಯಂತೆ ನಿಲ್ಲಿಸಿ. ಮೇಲಿನ ಅಂಚಿಗೆ ಮೂಗನ್ನು ತಾಗಿಸಿ. ಎಡಗಣ್ಣಿಗೆ ಎಡ ಚೌಕ, ಬಲಗಣ್ಣಿಗೆ ಬಲ ಚೌಕ ಮಾತ್ರ ಕಾಣಬೇಕು. ಈಗ ಹಾಳೆಯನ್ನು ನೋಡಬೇಡಿ, ಹಾಳೆಯ ಆಚೆ, ಮೇಜಿನ ಕೆಳಗೆ ಬಹುದೂರದಲ್ಲಿ ಏನೋ ಇದೆ ಎಂಬಂತೆ ನೋಡಿ. ಮೊದಲು ಎಲ್ಲ ಮಸುಕಾಗುತ್ತದೆ. ಚೌಕಗಳು ತೇಲುತ್ತಾ ಹತ್ತಿರ ಬರುತ್ತವೆ, ಒಂದರ ಮೇಲೊಂದು ಕೂರುತ್ತವೆ. ಆಗ ಕಣ್ಣನ್ನು ಅಲುಗಿಸದೆ ಒಂದು ಕ್ಷಣ ಕಾಯಿರಿ. ಗೆರೆಗಳು ಸ್ಪಷ್ಟವಾಗುತ್ತಿದ್ದಂತೆ ಪಿರಮಿಡ್ಡಿನ ತುದಿ ಕಾಗದದಿಂದ ಎದ್ದು ನಿಮ್ಮ ಮೂಗಿನ ಕಡೆಗೆ ಬರುತ್ತದೆ.

ದೂರ ನೋಡುವುದು ಅಭ್ಯಾಸವಾಗದಿದ್ದರೆ ಬೆರಳಿನಿಂದ ಕಲಿಯಬಹುದು. ಎರಡು ತೋರುಬೆರಳುಗಳ ತುದಿಗಳನ್ನು ತಾಗಿಸಿ ಕಣ್ಣಿನ ಮಟ್ಟಕ್ಕೆ ಹಿಡಿದು, ಅವುಗಳ ಮೇಲಿಂದ ದೂರದ ಗೋಡೆಯನ್ನು ನೋಡಿ. ನಡುವೆ ಎರಡು ಕಡೆಯೂ ಉಗುರಿರುವ ಒಂದು ಪುಟ್ಟ ಬೆರಳು ಗಾಳಿಯಲ್ಲಿ ತೇಲುತ್ತಿರುವುದು ಕಾಣುತ್ತದೆ! ಜೋಡಿಚಿತ್ರ ನೋಡುವಾಗ ಕಣ್ಣು ಇರಬೇಕಾದದ್ದು ಈ ಸ್ಥಿತಿಯಲ್ಲಿ. ಒಮ್ಮೆಗೆ ಒಂದೆರಡು ನಿಮಿಷ ಸಾಕು. ತಲೆ ಭಾರವಾದರೆ ಬಿಟ್ಟುಬಿಡಿ, ನಾಳೆ ನೋಡಿದರಾಯಿತು.

ಏನಾಯಿತು ನೋಡಿ. ಚೌಕದ ಮೂಲೆಗಳು ಎರಡು ಚಿತ್ರಗಳಲ್ಲಿ ಪರಸ್ಪರ 5 ಸೆಂ.ಮೀ. ದೂರದಲ್ಲಿವೆ. ತುದಿಯ ಚುಕ್ಕೆಗಳು 4.4 ಸೆಂ.ಮೀ. ದೂರದಲ್ಲಿವೆ. ಅಂತರ ಕಡಿಮೆಯಾದ ಬಿಂದು ಹತ್ತಿರ ಬಂದಂತೆ ಕಾಣುತ್ತದೆ. ಹೆಬ್ಬೆರಳಿನ ಪ್ರಯೋಗದಲ್ಲಿ ಬರೆದಿಟ್ಟ ಸಾಲನ್ನೇ ನಾವು ಪೆನ್ಸಿಲಿನಿಂದ ಕಾಗದದ ಮೇಲೆ ಇಳಿಸಿದ್ದೇವೆ.

ಕೆಲವರು ಮೆಳ್ಳೆಗಣ್ಣು ಮಾಡಿ, ಅಂದರೆ ಕಣ್ಣುಗಳನ್ನು ಮೂಗಿನ ಕಡೆಗೆ ತಿರುಗಿಸಿ ನೋಡುತ್ತಾರೆ. ಆಗ ಎಡಗಣ್ಣು ಬಲ ಚಿತ್ರವನ್ನೂ ಬಲಗಣ್ಣು ಎಡ ಚಿತ್ರವನ್ನೂ ನೋಡುತ್ತದೆ. ಎಲ್ಲವೂ ತಿರುಗುಮುರುಗು. ಅದೇ ಪಿರಮಿಡ್ಡು ಅವರಿಗೆ ಹೊಂಡದಂತೆ ಕಾಣುತ್ತದೆ. ನಿಮ್ಮ ಪಕ್ಕದವಳು ಬೆಟ್ಟ ಎಂದು, ನೀವು ಬಾವಿ ಎಂದು ಜಗಳವಾಡಿದರೆ ಇಬ್ಬರದೂ ಸರಿ, ನೋಡಿದ ವಿಧಾನ ಬೇರೆ. ಆದ್ದರಿಂದಲೇ ವಿಜ್ಞಾನ ಪತ್ರಿಕೆಗಳಲ್ಲಿ ಜೋಡಿಚಿತ್ರ ಹಾಕುವಾಗ ಯಾವ ವಿಧಾನದಲ್ಲಿ ನೋಡಬೇಕೆಂದು ಕೆಳಗೆ ಬರೆಯಬೇಕು. ಬರೆಯದಿದ್ದರೆ ಬಲಗೈ ತಿರುಪು ಎಡಗೈ ತಿರುಪಾಗಿಬಿಡುತ್ತದೆ. ಅಣುಗಳ ಲೋಕದಲ್ಲಿ ಅದು ಸಣ್ಣ ತಪ್ಪಲ್ಲ.

ಸಸಿಗಳ ನಕ್ಷೆ

ಈಗ ಅವರೆ ಸಸಿಗಳಿಗೆ ಬರೋಣ. ಮತ್ತೆ ಅದೇ ಅಳತೆಯ ಎರಡು ಚೌಕಗಳು. ಎಡದಿಂದ ಬಲಕ್ಕೆ ನೀರು, ಪ್ರತಿ 10 ಮಿ.ಲೀ.ಗೆ 1 ಸೆಂ.ಮೀ. ಕೆಳಗಿನಿಂದ ಮೇಲಕ್ಕೆ ಬಿಸಿಲು, ಪ್ರತಿ 2 ಗಂಟೆಗೆ 1 ಸೆಂ.ಮೀ. ಸಸಿಯ ಎತ್ತರವೇ ಮೂರನೆಯ ಅಕ್ಷ. ಅದಕ್ಕೆ ನಿಯಮ ಹೀಗಿರಲಿ: ಪ್ರತಿ 10 ಸೆಂ.ಮೀ. ಎತ್ತರಕ್ಕೆ ಚುಕ್ಕೆಯನ್ನು ಎಡ ಚೌಕದಲ್ಲಿ 1 ಮಿ.ಮೀ. ಬಲಕ್ಕೆ, ಬಲ ಚೌಕದಲ್ಲಿ 1 ಮಿ.ಮೀ. ಎಡಕ್ಕೆ ಸರಿಸಬೇಕು.

ಲೆಕ್ಕಕ್ಕೆಂದು ಐದು ಕುಂಡಗಳ ಅಂಕಿಗಳನ್ನು ನಾನೇ ಕಲ್ಪಿಸಿ ಕೊಡುತ್ತೇನೆ. ನೀವು ನಿಜವಾಗಿ ಸಸಿ ಬೆಳೆಸಿ ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ಮೊದಲ ಕುಂಡಕ್ಕೆ 10 ಮಿ.ಲೀ. ನೀರು, 2 ಗಂಟೆ ಬಿಸಿಲು, ಎತ್ತರ 10 ಸೆಂ.ಮೀ. ಎರಡನೆಯದಕ್ಕೆ 30 ಮಿ.ಲೀ., 2 ಗಂಟೆ, ಎತ್ತರ 20. ಮೂರನೆಯದಕ್ಕೆ 20 ಮಿ.ಲೀ., 4 ಗಂಟೆ, ಎತ್ತರ 20. ನಾಲ್ಕನೆಯದಕ್ಕೆ 10 ಮಿ.ಲೀ., 6 ಗಂಟೆ, ಎತ್ತರ 10. ಐದನೆಯದಕ್ಕೆ 30 ಮಿ.ಲೀ., 6 ಗಂಟೆ, ಎತ್ತರ 30.

ಐದನೆಯ ಕುಂಡವನ್ನು ಒಟ್ಟಿಗೆ ಗುರುತಿಸೋಣ. ನೀರು 30 ಮಿ.ಲೀ., ಆದ್ದರಿಂದ ಚೌಕದ ಎಡ ಅಂಚಿನಿಂದ 30 ಮಿ.ಮೀ. ಎತ್ತರ 30 ಸೆಂ.ಮೀ., ಆದ್ದರಿಂದ ಸರಿಸಬೇಕಾದದ್ದು 3 ಮಿ.ಮೀ. ಎಡ ಚೌಕದಲ್ಲಿ ಚುಕ್ಕೆ 33 ಮಿ.ಮೀ.ನಲ್ಲಿ, ಬಲ ಚೌಕದಲ್ಲಿ 27 ಮಿ.ಮೀ.ನಲ್ಲಿ. ಎರಡರಲ್ಲೂ ಕೆಳ ಅಂಚಿನಿಂದ 30 ಮಿ.ಮೀ. ಮೇಲೆ. ಮೇಲೆ ಕೆಳಗಿನ ಅಳತೆಯನ್ನು ಎಂದೂ ಬದಲಿಸಬಾರದು, ನಮ್ಮ ಕಣ್ಣುಗಳು ಅಕ್ಕಪಕ್ಕದಲ್ಲಿವೆ, ಒಂದರ ಮೇಲೊಂದಲ್ಲ. ಉಳಿದ ನಾಲ್ಕನ್ನು ನೀವೇ ಗುರುತಿಸಿ. ಮೊದಲ ಕುಂಡಕ್ಕೆ 11 ಮತ್ತು 9 ಬಂದರೆ ಸರಿಯಾದ ದಾರಿಯಲ್ಲಿದ್ದೀರಿ.

ರಟ್ಟು ಇಟ್ಟು ನೋಡಿ. ಐದು ಚುಕ್ಕೆಗಳು ಬೇರೆಬೇರೆ ಎತ್ತರದಲ್ಲಿ ತೇಲುತ್ತವೆ. ಎಡ ಅಂಚಿನ ಎರಡು ಕುಂಡಗಳು ತಗ್ಗಿನಲ್ಲಿ ಒಂದೇ ಮಟ್ಟದಲ್ಲಿವೆ. ಅಂದರೆ ನೀರು ಕಡಿಮೆಯಾದಾಗ ಬಿಸಿಲು ಹೆಚ್ಚಿದರೂ ಈ ಕಾಲ್ಪನಿಕ ಸಸಿ ಬೆಳೆದಿಲ್ಲ. ನೀರು ಹೆಚ್ಚಿದ್ದಾಗ ಬಿಸಿಲಿನಿಂದ ಲಾಭವಾಗಿದೆ. ಪಟ್ಟಿಯಲ್ಲಿ ಐದು ಸಾಲು ಓದಿ, ಮನಸ್ಸಿನಲ್ಲಿ ಜೋಡಿಸಿ ತಿಳಿಯಬೇಕಾದದ್ದು ಕಣ್ಣಿಗೇ ಕಂಡಿತು. ನಕ್ಷೆ ಇರುವುದೇ ಇದಕ್ಕಾಗಿ.

ತಂತ್ರಾಂಶ ಮಾಡುವ ಕೆಲಸ

ಐದು ಚುಕ್ಕೆಗೆ ಹತ್ತು ನಿಮಿಷ ಬೇಕಾಯಿತು. ಐದು ಸಾವಿರ ಚುಕ್ಕೆಗಳಿದ್ದರೆ? ಇಲ್ಲಿ ಗಣಕಯಂತ್ರ ಬರುತ್ತದೆ. ಅದು ಪ್ರತಿ ಬಿಂದುವಿನ ಮೂರು ಅಳತೆಗಳನ್ನು ತೆಗೆದುಕೊಂಡು, ಎಡಗಣ್ಣು ಇರುವ ಜಾಗದಿಂದ ಅದು ಎಲ್ಲಿ ಕಾಣುತ್ತದೆ ಎಂದು ಲೆಕ್ಕ ಹಾಕಿ ಒಂದು ಚಿತ್ರ ಬರೆಯುತ್ತದೆ. ಆಮೇಲೆ ಇಡೀ ನಕ್ಷೆಯನ್ನು ಸ್ವಲ್ಪವೇ ತಿರುಗಿಸಿ, ಬಲಗಣ್ಣಿಗೆಂದು ಮತ್ತೊಂದು ಚಿತ್ರ ಬರೆಯುತ್ತದೆ.

ಎಷ್ಟು ತಿರುಗಿಸಬೇಕು? ಇದನ್ನು ನೀವು ಕಲಿತ ಗಣಿತದಿಂದಲೇ ಹೇಳಬಹುದು. ಒಂದು ವಸ್ತು ನಿಮ್ಮಿಂದ 60 ಸೆಂ.ಮೀ. ದೂರದಲ್ಲಿದೆ ಎನ್ನಿ. ಆ ವಸ್ತುವನ್ನು ಕೇಂದ್ರವಾಗಿಟ್ಟು 60 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದರೆ ಅದರ ಪರಿಧಿ ಸುಮಾರು 377 ಸೆಂ.ಮೀ. ನಿಮ್ಮ ಎರಡು ಕಣ್ಣುಗಳು ಆ ಪರಿಧಿಯ ಮೇಲೆ ಸುಮಾರು 6 ಸೆಂ.ಮೀ. ಅಂತರದಲ್ಲಿವೆ. ಪೂರ್ತಿ ಸುತ್ತು 360 ಡಿಗ್ರಿ. ಹಾಗಾದರೆ 6 ಸೆಂ.ಮೀ.ಗೆ ಸುಮಾರು 6 ಡಿಗ್ರಿ. ಇಂಥ ತಂತ್ರಾಂಶಗಳಲ್ಲಿ 5 ಡಿಗ್ರಿಯ ಆಸುಪಾಸು ತಿರುಗಿಸುವುದು ರೂಢಿ. ಹತ್ತು ಹನ್ನೆರಡು ಡಿಗ್ರಿ ತಿರುಗಿಸಿದರೆ ಆಳ ಹೆಚ್ಚಾಗಿ ಕಾಣುತ್ತದೆಂದು ಆಸೆಪಡಬಹುದು. ಆದರೆ ಎರಡು ಚಿತ್ರಗಳು ಬಹಳ ಭಿನ್ನವಾದರೆ ಮಿದುಳು ಅವನ್ನು ಕೂಡಿಸಲು ಒಪ್ಪುವುದಿಲ್ಲ, ಎಲ್ಲ ಎರಡೆರಡಾಗಿ ಕಾಣುತ್ತದೆ.

ಇದನ್ನು ಮಾಡಬಲ್ಲ ಉಚಿತ ತಂತ್ರಾಂಶಗಳಲ್ಲಿ ಹಳೆಯದು ಗ್ನೂಪ್ಲಾಟ್. ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಎಂಬುವರು 1986ರಲ್ಲಿ ಇದನ್ನು ಆರಂಭಿಸಿದರು. ಇದರಲ್ಲಿ ನೋಟದ ದಿಕ್ಕನ್ನು ಎರಡು ಕೋನಗಳಿಂದ ಹೇಳಬೇಕು. ನಾವು ಏನನ್ನೂ ಹೇಳದಿದ್ದರೆ ಅದು 60 ಮತ್ತು 30 ಡಿಗ್ರಿ ಎಂದು ಇಟ್ಟುಕೊಳ್ಳುತ್ತದೆ. ಒಂದು ಚಿತ್ರವನ್ನು 60, 30ರಲ್ಲಿ ಬರೆಸಿ, ಪಕ್ಕದಲ್ಲೇ ಅದೇ ನಕ್ಷೆಯನ್ನು 60, 35ರಲ್ಲಿ ಬರೆಸಿದರೆ ಜೋಡಿಚಿತ್ರ ಸಿದ್ಧ. ಉಬ್ಬು ತಗ್ಗಾಗಿ ಕಂಡರೆ ಎರಡನ್ನೂ ಅದಲುಬದಲು ಮಾಡಿದರಾಯಿತು.

ಪರೀಕ್ಷೆಗೆ ಒಳ್ಳೆಯ ನಕ್ಷೆ ಕುದುರೆಯ ಜೀನು. ಎಕ್ಸ್‌ನ ವರ್ಗದಿಂದ ವೈಯ ವರ್ಗವನ್ನು ಕಳೆದರೆ ಬರುವುದೇ ಎತ್ತರ. ಎಕ್ಸ್ 2, ವೈ 0 ಆದರೆ ಎತ್ತರ 4. ಎಕ್ಸ್ 0, ವೈ 2 ಆದರೆ ಎತ್ತರ ಮೈನಸ್ 4, ಅಂದರೆ ತಗ್ಗು. ಎರಡೂ 2 ಆದರೆ ಸೊನ್ನೆ. ಒಂದು ದಿಕ್ಕಿನಲ್ಲಿ ಏರುತ್ತಾ ಇನ್ನೊಂದು ದಿಕ್ಕಿನಲ್ಲಿ ಇಳಿಯುವ ಈ ಮೇಲ್ಮೈಯನ್ನು ತಂತಿಬಲೆಯಂತೆ ಬರೆದ ಒಂದೇ ಚಿತ್ರ ನೋಡಿದರೆ ಮುಂದಿನ ಗೆರೆಯೂ ಹಿಂದಿನ ಗೆರೆಯೂ ಹೆಣೆದುಕೊಂಡು ತಲೆ ಕೆಡಿಸುತ್ತವೆ. ಹಿಂದಿನ ಗೆರೆಗಳನ್ನು ಮರೆಮಾಡಿದರೆ ಚಿತ್ರ ಅಚ್ಚುಕಟ್ಟಾಗುತ್ತದೆ ನಿಜ, ಆದರೆ ಹಿಂದೆ ಏನಿದೆ ಎಂಬುದು ಹೊರಟುಹೋಗುತ್ತದೆ. ಜೋಡಿಚಿತ್ರದಲ್ಲಿ ಯಾವುದನ್ನೂ ಮರೆಮಾಡಬೇಕಿಲ್ಲ. ಬಲೆಯ ಹಿಂಬದಿ ಬಲೆಯ ಹಿಂದೆಯೇ ನಿಲ್ಲುತ್ತದೆ.

ಪರದೆಯ ಮೇಲೆ ಮೌಸ್ ಹಿಡಿದು ನಕ್ಷೆಯನ್ನು ಗಿರಗಿರ ತಿರುಗಿಸಿ ನೋಡಿದರೆ ಸಾಲದೇ ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ತಿರುಗಿಸಿದಾಗ ಆಳ ತಿಳಿಯುತ್ತದೆ, ಸರಿ. ನಿಲ್ಲಿಸಿದೊಡನೆ ಮತ್ತೆ ಚಪ್ಪಟೆ. ಮುದ್ರಿಸಿದ ಪುಟವನ್ನಂತೂ ತಿರುಗಿಸಲಾಗದು. ನಿಧಾನವಾಗಿ ಕುಳಿತು ಒಂದೊಂದೇ ಬಿಂದುವನ್ನು ಪರಿಶೀಲಿಸಲು ಜೋಡಿಚಿತ್ರವೇ ಮೇಲೆಂದು ನನ್ನ ಅಭಿಪ್ರಾಯ.

ನಿಮ್ಮ ಶಾಲೆಯ ಗಣಕಯಂತ್ರದಲ್ಲಿ ಜಿಯೊಜೀಬ್ರಾ ಇದ್ದರೆ ಇನ್ನೊಂದು ದಾರಿಯಿದೆ. ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ಆಸ್ಟ್ರಿಯಾದ ಗಣಿತಜ್ಞರು ಶುರು ಮಾಡಿದ ಈ ಉಚಿತ ತಂತ್ರಾಂಶದಲ್ಲಿ ಮೂರು ಆಯಾಮದ ಕಿಟಕಿ ಇದೆ, ಅದರಲ್ಲಿ ಕೆಂಪು ಮತ್ತು ಹಸಿರುನೀಲಿ ಕನ್ನಡಕದಿಂದ ನೋಡುವ ಆಯ್ಕೆಯೂ ಇದೆ. ಇಲ್ಲಿ ಎರಡು ಚಿತ್ರಗಳು ಅಕ್ಕಪಕ್ಕ ಇರುವುದಿಲ್ಲ, ಒಂದರ ಮೇಲೊಂದು ಬೇರೆ ಬಣ್ಣದಲ್ಲಿರುತ್ತವೆ. ಬಿಳಿ ಹಾಳೆಯ ಮೇಲಿನ ಕೆಂಪು ಗೆರೆ ಕೆಂಪು ಗಾಜಿನ ಮೂಲಕ ಕಾಣಿಸುವುದಿಲ್ಲ, ಏಕೆಂದರೆ ಹಾಳೆಯೂ ಕೆಂಪಾಗಿ ಕಾಣುತ್ತದೆ. ಹಸಿರುನೀಲಿ ಗೆರೆ ಮಾತ್ರ ಕಪ್ಪಾಗಿ ಕಾಣುತ್ತದೆ. ಇನ್ನೊಂದು ಕಣ್ಣಿಗೆ ಇದರ ತಿರುವು. ಹೀಗೆ ಪ್ರತಿ ಕಣ್ಣಿಗೂ ಅದರ ಪಾಲಿನ ಚಿತ್ರ ಸಿಗುತ್ತದೆ. 1853ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ರೋಲ್‌ಮನ್ ತೋರಿಸಿದ ಉಪಾಯವಿದು. ಕಣ್ಣಿಗೆ ಕಸರತ್ತು ಬೇಕಿಲ್ಲ ಎಂಬುದು ಲಾಭ. ನಕ್ಷೆಯಲ್ಲಿ ಬೇರೆ ಬಣ್ಣಗಳನ್ನು ಬಳಸಲಾಗದು ಎಂಬುದು ನಷ್ಟ.

ಯಾರಿಗೆ ಬೇಕು ಇದು?

ಅಣುಗಳನ್ನು ಅಭ್ಯಾಸ ಮಾಡುವವರಿಗೆ ಬೇಕು. 1965ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಕ್ಯಾರೊಲ್ ಜಾನ್ಸನ್ ಆರ್ಟೆಪ್ ಎಂಬ ತಂತ್ರಾಂಶವನ್ನು ಹೊರತಂದರು. ಹರಳಿನೊಳಗೆ ಪರಮಾಣುಗಳು ಎಲ್ಲೆಲ್ಲಿವೆ ಎಂಬ ಅಂಕಿಗಳನ್ನು ಕೊಟ್ಟರೆ ಅದು ಮೊಟ್ಟೆಯಾಕಾರದ ಪರಮಾಣುಗಳನ್ನೂ ಅವುಗಳ ನಡುವಿನ ಬಂಧಗಳನ್ನೂ ಜೋಡಿಚಿತ್ರವಾಗಿ ಬರೆಯುತ್ತಿತ್ತು. ಪರಮಾಣು ಸುಮ್ಮನೆ ಕೂರುವುದಿಲ್ಲ, ನಡುಗುತ್ತಿರುತ್ತದೆ. ಯಾವ ದಿಕ್ಕಿನಲ್ಲಿ ಹೆಚ್ಚು ನಡುಗುತ್ತದೋ ಆ ಕಡೆಗೆ ಮೊಟ್ಟೆ ಉದ್ದ. ನಂತರ ಬಂದ ರಾಸ್‌ಮಾಲ್, ಜೆಮಾಲ್ ಮುಂತಾದ ಉಚಿತ ತಂತ್ರಾಂಶಗಳಲ್ಲೂ ಸ್ಟೀರಿಯೋ ಎಂಬ ಒಂದು ಆದೇಶ ಕೊಟ್ಟರೆ ಪ್ರೋಟೀನಿನ ಸುರುಳಿ ಎರಡಾಗಿ ಪರದೆಯ ಮೇಲೆ ಬರುತ್ತದೆ.

ನಮ್ಮ ಇಸ್ರೋ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹವನ್ನು ಎರಡು ಕಣ್ಣಿನ ಉಪಗ್ರಹ ಎಂದರೆ ತಪ್ಪಾಗದು. ಅದರಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ಓರೆಯಾಗಿ ನೆಲವನ್ನು ನೋಡುತ್ತಿದ್ದವು. ಮುಂದಿನ ಕ್ಯಾಮೆರಾ ಒಂದು ಜಾಗದ ಚಿತ್ರ ತೆಗೆದು ಸುಮಾರು 52 ಸೆಕೆಂಡಾದ ಮೇಲೆ ಹಿಂದಿನದು ಅದೇ ಜಾಗದ ಚಿತ್ರ ತೆಗೆಯುತ್ತಿತ್ತು. ಅಷ್ಟರಲ್ಲಿ ಉಪಗ್ರಹ 350 ಕಿ.ಮೀ.ಗೂ ಹೆಚ್ಚು ಮುಂದೆ ಹೋಗಿರುತ್ತಿತ್ತು. 6 ಸೆಂ.ಮೀ. ಅಂತರದ ನಮ್ಮ ಕಣ್ಣಿಗೆ ದೂರದ ಬೆಟ್ಟಗಳು ಗೋಡೆಗೆ ಅಂಟಿಸಿದ ಚಿತ್ರದಂತೆ ಕಾಣುತ್ತವೆ. ಈ ಉಪಗ್ರಹದ ಎರಡು ನೋಟಗಳ ನಡುವೆ ನೂರಾರು ಕಿಲೋಮೀಟರು! ಆದ್ದರಿಂದಲೇ 600 ಕಿ.ಮೀ. ಮೇಲಿನಿಂದಲೂ ಬೆಟ್ಟದ ಎತ್ತರ, ಕಣಿವೆಯ ಆಳ ಲೆಕ್ಕಕ್ಕೆ ಸಿಕ್ಕವು. 2008ರಲ್ಲಿ ಹೊರಟ ಚಂದ್ರಯಾನ-1 ನೌಕೆಯ ಒಂದು ಕ್ಯಾಮೆರಾ ಚಂದ್ರನ ನೆಲವನ್ನು ಮುಂದೆ, ನೇರ, ಹಿಂದೆ ಹೀಗೆ ಮೂರು ದಿಕ್ಕಿನಿಂದ ನೋಡಿತು.

ಕಾಣದವರಿಗೆ

ತರಗತಿಯಲ್ಲಿ ಜೋಡಿಚಿತ್ರ ತೋರಿಸಿದಾಗಲೆಲ್ಲ ಒಂದಿಬ್ಬರು, ಎಷ್ಟು ಹೊತ್ತು ನೋಡಿದರೂ, ನನಗೇನೂ ಕಾಣುತ್ತಿಲ್ಲ ಸಾರ್ ಎನ್ನುತ್ತಾರೆ. ಕೆಲವರಿಗೆ ಅಭ್ಯಾಸ ಸಾಲದು, ಅಷ್ಟೆ. ಕೆಲವರು ಕಾಣದಿದ್ದರೂ ನಾಚಿಕೆಯಿಂದ ಕಂಡಿತು ಎನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ.

ಕೆಲವು ಮಕ್ಕಳಲ್ಲಿ ಒಂದು ಕಣ್ಣಿನ ದೃಷ್ಟಿ ದುರ್ಬಲವಾಗಿರುತ್ತದೆ, ಅಥವಾ ಎರಡು ಕಣ್ಣುಗಳು ಒಂದೇ ಕಡೆಗೆ ತಿರುಗುವುದಿಲ್ಲ. ಆಗ ಮಿದುಳು ಆ ಕಣ್ಣಿನ ಬಿಂಬವನ್ನು ಕಡೆಗಣಿಸಲು ಕಲಿತುಬಿಡುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿರುವುದರಿಂದ ಮಗುವಿಗಾಗಲಿ ಮನೆಯವರಿಗಾಗಲಿ ಗೊತ್ತೇ ಆಗುವುದಿಲ್ಲ. ಹಲಗೆಯ ಮೇಲಿನದನ್ನು ಓದುತ್ತಾನೆ, ಓಡಾಡುತ್ತಾನೆ, ಕ್ಯಾಚ್ ಹಿಡಿಯುವಾಗ ಮಾತ್ರ ಚೆಂಡು ಕೈಗೆ ಸಿಗುವುದಿಲ್ಲ. ಗೆಳೆಯರು ನಗುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ. ಕನ್ನಡಕ, ಅಥವಾ ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿ ದುರ್ಬಲ ಕಣ್ಣಿಗೆ ಕೆಲಸ ಕೊಡುವುದು. ಆದರೆ ಇದು ಚಿಕ್ಕ ವಯಸ್ಸಿನಲ್ಲಿ ಆದಷ್ಟೂ ಹೆಚ್ಚು ಫಲ ಕೊಡುತ್ತದೆ.

ಕಣ್ಣಿನ ವೈದ್ಯರು ಮಕ್ಕಳ ಈ ಶಕ್ತಿಯನ್ನು ಪರೀಕ್ಷಿಸಲು ಬಳಸುವ ಒಂದು ಬಗೆಯ ಹಾಳೆ ಹುಟ್ಟಿದ್ದು ಗಣಕಯಂತ್ರದಿಂದಲೇ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಬೇಲಾ ಯೂಲೆಶ್ 1960ರ ಸುಮಾರಿಗೆ ಗಣಕಯಂತ್ರದಿಂದ ಅಡ್ಡಾದಿಡ್ಡಿ ಚುಕ್ಕೆಗಳ ಎರಡು ಚಿತ್ರ ಬರೆಸಿದರು. ಎರಡೂ ಒಂದೇ, ನಡುವಿನ ಒಂದು ಚೌಕದ ಚುಕ್ಕೆಗಳನ್ನು ಮಾತ್ರ ಒಂದರಲ್ಲಿ ಸ್ವಲ್ಪ ಸರಿಸಿದ್ದರು. ಬರಿಗಣ್ಣಿಗೆ ಎರಡೂ ರಾಗಿ ಚೆಲ್ಲಿದಂತೆ ಕಾಣುತ್ತವೆ. ಎರಡನ್ನೂ ಕೂಡಿಸಿ ನೋಡಿದರೆ ನಡುವೆ ಒಂದು ಚೌಕ ತೇಲುತ್ತದೆ. ಗೆರೆ ಇಲ್ಲ, ನೆರಳಿಲ್ಲ, ಆಕಾರವೇ ಇಲ್ಲದ ಚಿತ್ರದಿಂದ ಆಳ! ಇಲ್ಲಿ ಊಹೆ ನಡೆಯುವುದಿಲ್ಲ. ಎರಡು ಕಣ್ಣುಗಳೂ ಒಟ್ಟಾಗಿ ಕೆಲಸ ಮಾಡುವವರಿಗೆ ಮಾತ್ರ ಚೌಕ ಕಾಣುತ್ತದೆ.

ನಮ್ಮ ಪಿರಮಿಡ್ಡು ವೈದ್ಯರ ಪರೀಕ್ಷೆಯಲ್ಲ. ಅದು ಕಾಣಲಿಲ್ಲವೆಂದರೆ ಕಣ್ಣಿನಲ್ಲಿ ದೋಷವಿದೆ ಎಂದಲ್ಲ. ಆದರೆ ಕೆಲವು ದಿನ ಪ್ರಯತ್ನಿಸಿದ ಮೇಲೂ ಕಾಣದಿದ್ದರೆ, ಒಂದೊಂದೇ ಕಣ್ಣು ಮುಚ್ಚಿ ಹಲಗೆಯ ಅಕ್ಷರ ಓದಿ ನೋಡಿ. ಒಂದು ಕಣ್ಣಿಗೆ ಮಸುಕಾಗಿ ಕಂಡರೆ ನಿಮ್ಮ ಶಿಕ್ಷಕರಿಗೂ ಮನೆಯಲ್ಲೂ ಹೇಳಿ. ಶಾಲೆಗೆ ಆರೋಗ್ಯ ತಪಾಸಣೆಗೆ ಬಂದವರಿಗೆ ತಪ್ಪದೆ ತಿಳಿಸಿ. ನಾನು ಭೇಟಿ ಕೊಟ್ಟ ಶಾಲೆಯೊಂದರಲ್ಲಿ ಆರನೆಯ ತರಗತಿಯ ಹುಡುಗನೊಬ್ಬ ಹೀಗೆಯೇ ಧೈರ್ಯವಾಗಿ ಇಲ್ಲ ಎಂದ. ಅವನ ಶಿಕ್ಷಕಿ ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಈಗ ಕನ್ನಡಕ ಹಾಕಿಕೊಂಡು ಬರುತ್ತಾನೆ. ಪಿರಮಿಡ್ಡು ಪೂರ್ತಿ ಎದ್ದು ನಿಂತಿಲ್ಲವಂತೆ, ಆದರೆ ತುದಿ ಸ್ವಲ್ಪ ಮೇಲಿದೆ ಸಾರ್ ಎಂದು ಹೇಳಿದ.

ಕೊನೆಗೊಂದು ಒಗಟು. ನಿಮ್ಮ ಪಿರಮಿಡ್ಡಿನ ಹಾಳೆಯನ್ನು ತಲೆಕೆಳಗು ಮಾಡಿ ಇಡಿ. ಎಡ ಚೌಕ ಬಲಕ್ಕೆ, ಬಲ ಚೌಕ ಎಡಕ್ಕೆ ಬಂತು. ಹಾಗಾದರೆ ತುದಿ ಹೊಂಡವಾಗಿ ಕಾಣಬೇಕಲ್ಲವೇ? ರಟ್ಟು ಇಟ್ಟು ನೋಡಿ, ತುದಿ ಮೇಲೆಯೇ ಇರುತ್ತದೆ! ಜಾಗ ಬದಲಾದಾಗ ಚುಕ್ಕೆ ಸರಿದ ದಿಕ್ಕೂ ತಿರುಗಿತು ಎಂಬುದೇ ಇದರ ಕಾರಣ, ಅಳತೆಪಟ್ಟಿ ಇಟ್ಟು ಖಚಿತಪಡಿಸಿಕೊಳ್ಳಿ. ಇನ್ನು ಹಾಳೆಯನ್ನು ಕತ್ತರಿಸಿ ಎರಡು ಚೌಕಗಳನ್ನು ಮಾತ್ರ ಅದಲುಬದಲು ಮಾಡಿ, ತಿರುಗಿಸದೆ ಅಂಟಿಸಿದರೆ ಏನು ಕಾಣುತ್ತದೆ? ಮೊದಲು ಉತ್ತರ ಬರೆದಿಟ್ಟು, ಆಮೇಲೆ ಕತ್ತರಿ ಹಿಡಿಯಿರಿ.